ಕೇಳಿ ಕಳಿಸಿದವಳು

ನಮ್ಮ ಕೇರಿಯಲ್ಲಿ ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಪೇಟೆಗೆ ಹೊರಟವರನ್ನಾದರೆ ‘ದೂರ ಹೊರಟ್ರಾ?’ ಎಂದು ಸುತ್ತುಬಳಸಿ ಕೇಳಬಹುದು, ಕಡಲಿನವರಿಗೆ ಅದೂ ಇಲ್ಲ. ಗಂಡ ಬಲೆ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟುವ ಹೊತ್ತಿಗೆ ಹೆಂಡತಿಗೆ ಒಲೆಯ ಹತ್ತಿರ ಏನಾದರೂ ಕೆಲಸ ಇರಬೇಕು, ಇಲ್ಲದಿದ್ದರೆ ಹುಟ್ಟಿಸಿಕೊಳ್ಳಬೇಕು. ಅವನು ‘ಬತ್ತೆ’ ಅನ್ನುತ್ತಾನೆ, ಇವಳು ‘ಹೂಂ’ ಅನ್ನುತ್ತಾಳೆ. ಅಷ್ಟೇ ಮಾತು.

ಕೇಳಿದವಳು ಒಬ್ಬಳಿದ್ದಾಳೆ, ಈರಮ್ಮ. ಕುಮಟೆ ಕಡೆಯ ಗದ್ದೆಯ ಊರಿನಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಪಾಪ, ಗೊತ್ತಿಲ್ಲದೆ ಕೇಳಿಬಿಟ್ಟಳು. ಅವತ್ತು ಹೋದ ಗಂಡ ತಿರುಗಿ ಬರಲಿಲ್ಲ. ಈಗ ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಆದರೂ ದೋಣಿ ಇಳಿಸುವ ದಾರಿಯಲ್ಲಿ ಅವಳು ಎದುರಾದರೆ ಗಂಡಸರು ಮನೆಗೆ ವಾಪಸು ಬಂದು, ನೀರು ಕುಡಿದು, ಮತ್ತೆ ಹೊರಡುತ್ತಾರೆ. ‘ಕೇಳಿ ಕಳಿಸಿದವಳು’ ಎಂದೇ ಅವಳನ್ನು ಕರೆಯುವುದು. ನನ್ನ ಅತ್ತೆ ಮಂಜಿಯ ಗಂಡನೂ ಕಡಲಿಗೆ ಹೋದವರು ಬರಲಿಲ್ಲ. ಆದರೆ ಅತ್ತೆ ಕೇಳಿರಲಿಲ್ಲ, ಹಾಗಾಗಿ ಅವರಿಗೆ ಕೇರಿಯಲ್ಲಿ ಮರ್ಯಾದೆ ಇದೆ. ನ್ಯಾಯ ಹೇಗಿದೆ ನೋಡಿ.

ನಾನು ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ರೂಮು ಗುಡಿಸುವವಳು. ಬಂದವರು ಇಂಗ್ಲಿಷಿನಲ್ಲಿ ಟವೆಲ್ಲು ಕೇಳಿದರೆ ನಾವು ಸೋಪು ಕೊಟ್ಟು ನಗುತ್ತೇವೆ ಎಂದು ಮಾಲಕರಿಗೆ ಸಿಟ್ಟು. ಅದಕ್ಕೇ ಕುಮಟೆ ಹತ್ತಿರದ ಹೊಳನಗದ್ದೆಯಿಂದ ಅರ್ಚನಾ ಅಕ್ಕೋರನ್ನು ಪಾಠಕ್ಕೆ ಕರೆಸಿದರು. ಅವರು ರೈಲಿನಲ್ಲಿ ಬಂದು, ಮಧ್ಯಾಹ್ನ ಊಟದ ಹಾಲ್ ಖಾಲಿಯಾದ ಮೇಲೆ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ವ್ಯಾಕರಣ ಬೇಡ, ನಿಮ್ಮ ಹಬ್ಬ, ನಿಮ್ಮ ಹಾಡು, ನಿಮ್ಮ ಊಟ, ನಿಮ್ಮ ಆಟ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಸಾಕು ಎನ್ನುವುದು ಅವರ ಪದ್ಧತಿ.

ಮೊದಲ ದಿನ ಬಿಡುವಿದ್ದಾಗ ಏನು ಮಾಡುತ್ತೀರಿ ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಬಿಡುವಂತೆ! ನನ್ನ ಪಕ್ಕ ಕೂರುವ ವಿಶಾಲ ಮೀನು ಒಣಗಿಸುತ್ತೇನೆ ಎಂದಳು. ಅದು ಕೆಲಸವಾಯಿತು, ಖುಷಿಗೆ ಏನು ಮಾಡುತ್ತೀರಿ ಎಂದು ಅಕ್ಕೋರು ಬಿಡಲಿಲ್ಲ. ವಿಶಾಲ ತುಂಬ ಯೋಚಿಸಿ ನಿದ್ದೆ ಎಂದಳು. ಅಕ್ಕೋರು ಬೋರ್ಡಿನ ಮೇಲೆ ‘ಐ ಲೈಕ್ ಸ್ಲೀಪಿಂಗ್’ ಎಂದು ಬರೆದೇ ಬರೆದರು. ನಗುನಗುತ್ತಾ ನಮಗೆ ಅದು ಬಾಯಿಗೆ ಬಂತು. ನಮ್ಮ ಮದುವೆಯ ಹಾಡಿನ ಬಗ್ಗೆ ನಾನು ಮೂರು ಮಾತು ಹೇಳಿದ ದಿನ ಮಾಲಕರು ಬಾಗಿಲಲ್ಲಿ ನಿಂತು ಕೇಳಿ, ಇವಳನ್ನು ಮುಂಬಾಗಿಲಿನ ಕೌಂಟರಿಗೆ ಹಾಕಬಹುದು ಎಂದರು. ಆ ಮಾತು ನನ್ನ ತಲೆಗೆ ಏರಿದ್ದು ಸುಳ್ಳಲ್ಲ.

ನವರಾತ್ರಿ ಕಳೆದ ಮೇಲೆ ತಿರುಗಾಟದ ಪಾಠ ಬಂತು. ರಜೆಯಲ್ಲಿ ಹೊರಟವರನ್ನು ಮಾತಾಡಿಸುವುದು. ಅಕ್ಕೋರು ‘ವೇರ್ ಆರ್ ಯೂ ಗೋಯಿಂಗ್?’ ಎಂದು ಬರೆದು, ಅರ್ಥ ಹೇಳಿ, ಒಬ್ಬರನ್ನೊಬ್ಬರು ಕೇಳಿ ಎಂದರು. ಯಾರೂ ಬಾಯಿ ಬಿಡಲಿಲ್ಲ. ವಿಶಾಲ ಮೆಲ್ಲಗೆ, ಅದು ನಮ್ಮಲ್ಲಿ ಕೇಳುವ ಮಾತಲ್ಲ ಎಂದಳು. ಅಕ್ಕೋರಿಗೆ ನಗು. ಅವರ ಊರಿನಲ್ಲೂ ಅಜ್ಜಿಯಂದಿರು ಹಾಗೆ ಹೇಳುತ್ತಾರಂತೆ, ಅದೆಲ್ಲ ಕನ್ನಡದಲ್ಲಿ ಕೇಳಿದರೆ, ಇಂಗ್ಲಿಷಿನಲ್ಲಿ ಏನೂ ಆಗುವುದಿಲ್ಲ ಎಂದು ತಮಾಷೆ ಮಾಡಿದರು. ಗದ್ದೆಗೆ ಹೋದವನು ಮಧ್ಯಾಹ್ನ ಊಟಕ್ಕೆ ಬಂದೇ ಬರುತ್ತಾನೆ, ಅವರಿಗೆ ನಗು ಬರದೆ ಇನ್ನೇನು? ನಾಳೆ ಬೆಳಿಗ್ಗೆ ಮನೆಯಿಂದ ಯಾರು ಹೊರಟರೂ ಕೇಳಿ, ಉತ್ತರ ಕಲಿತು ಬನ್ನಿ ಎಂದು ಕಳಿಸಿದರು.

ಮಾರನೆಯ ಬೆಳಿಗ್ಗೆ ನನ್ನ ಗಂಡ ಭಾಸ್ಕರ ಹೊಸ್ತಿಲು ದಾಟುತ್ತಿದ್ದರು. ಜೊತೆಗೆ ಹೋಗುವ ಚೌಡನಿಗೆ ಜ್ವರ, ಅವತ್ತು ಒಬ್ಬರೇ. ನಾನು ಒಲೆ ಬಿಟ್ಟು ಬಂದೆ. ಕೌಂಟರಿನ ಹುಚ್ಚು ಅನ್ನಿ, ಹಟ ಅನ್ನಿ, ಬಾಯಿಂದ ಜಾರಿಯೇ ಹೋಯಿತು. ‘ವೇರ್ ಆರ್ ಯೂ ಗೋಯಿಂಗ್?’

ಅವರು ಹೊಸ್ತಿಲಲ್ಲೇ ತಿರುಗಿದರು. ಒಳಗೆ ಅತ್ತೆ ಮಲಗಿದ್ದ ಕೋಣೆಯ ಕಡೆ ನೋಡಿದರು. ಡೈವಿಂಗಿಗೆ ಬಂದವರನ್ನು ದೋಣಿಯಲ್ಲಿ ಕರೆದೊಯ್ದು ಅವರಿಗೂ ನಾಲ್ಕು ಇಂಗ್ಲಿಷ್ ಶಬ್ದ ಗೊತ್ತು. ಮೆಲ್ಲಗೆ ನಕ್ಕು, "ನಾರ್ತ್. ಜೋಡುಕಲ್ಲು. ಮಚ್ ಫಿಶ್" ಎಂದರು. ಯಾರಿಗೂ ಹೇಳಬೇಡ ಎಂದು ಬೆರಳು ಬಾಯಿಗಿಟ್ಟು ತೋರಿಸಿ ಇಳಿದು ಹೋದರು. ನಗು ಜಾಸ್ತಿಯಾಗಿ ‘ಬತ್ತೆ’ ಎನ್ನುವುದನ್ನು ಮರೆತರು. ಅದು ನನಗೆ ಹೊಳೆದದ್ದು ಅವರು ತೆಂಗಿನ ಮರಗಳ ಆಚೆ ಮರೆಯಾದ ಮೇಲೆ.

ಜೋಡುಕಲ್ಲು ಎಂದರೆ ಹೊನ್ನಾವರದ ಕಡೆ ನೀರಿನಿಂದ ತಲೆ ಎತ್ತಿ ನಿಂತ ಎರಡು ಬಂಡೆ. ದೋಣಿ ಒಡೆಯುವ ಜಾಗ ಎಂದು ನಮ್ಮವರು ಯಾರೂ ಅತ್ತ ಹೋಗುವುದಿಲ್ಲ. ಎಲ್ಲರೂ ಹೋಗುವುದು ಕಡಲಿನ ನಡುವಿನ ನೇತ್ರಾಣಿ ಗುಡ್ಡದ ಕಡೆಗೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ನಾನು ಮೇಲಿನ ರೂಮಿನ ಹಾಸಿಗೆ ಬದಲಿಸುತ್ತಿದ್ದೆ. ಕಿಟಕಿಯ ಪರದೆ ಹಾರಿ ಮುಖಕ್ಕೆ ಬಡಿಯಿತು. ಕಡಲು ಕಪ್ಪಾಗಿತ್ತು, ದೋಣಿಗಳು ಒಂದೊಂದಾಗಿ ದಡಕ್ಕೆ ಓಡಿ ಬರುತ್ತಿದ್ದವು. ಫೋನು ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಆಮೇಲೆ ಮಾಡಲು ಕೈಯೇ ಬರಲಿಲ್ಲ. ಎದೆಯಲ್ಲಿ ಒಂದೇ ಮಾತು ಬಡಿದುಕೊಳ್ಳುತ್ತಿತ್ತು: ನಾನು ಕೇಳಿದೆ, ಅವರು ಬತ್ತೆ ಅನ್ನಲಿಲ್ಲ.

ದಡಕ್ಕೆ ಓಡಿದೆ. ಎಲ್ಲ ದೋಣಿಗಳೂ ಬಂದಿದ್ದವು, ನಮ್ಮದೊಂದು ಬಿಟ್ಟು. ಅತ್ತೆ ಮರಳಿನ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಗಾಳಿ ಸ್ವಲ್ಪ ತಗ್ಗಿದ ಮೇಲೆ ದೋಣಿಯವರಲ್ಲಿ ಹಿರಿಯರಾದ ಗಣಪಣ್ಣ ದೊಡ್ಡ ಬೋಟು ತೆಗೆಸಿದರು. ಕರಾವಳಿ ಪೊಲೀಸರಿಗೂ ತಿಳಿಸಿದ್ದರು. ಹೊತ್ತು ಮುಳುಗುವುದರೊಳಗೆ ನೇತ್ರಾಣಿ ಸುತ್ತ ಹುಡುಕಿ ಬರೋಣ ಎಂದು ಅವರು ಹೇಳುವುದು ಕೇಳಿಸಿತು.

ನೇತ್ರಾಣಿ! ಅಲ್ಲಿ ಅವರಿಲ್ಲ ಎಂದು ಗೊತ್ತಿದ್ದವಳು ಆ ದಡದಲ್ಲಿ ನಾನೊಬ್ಬಳೇ. ಆದರೆ ಹೇಗೆ ಗೊತ್ತು ಎಂದು ಕೇಳಿದರೆ? ಗುಂಪಿನ ಹಿಂದೆ, ತೆಂಗಿನ ಬುಡದ ಹತ್ತಿರ ಈರಮ್ಮ ನಿಂತಿದ್ದಳು, ಯಾರ ಕಣ್ಣಿಗೂ ಬೀಳದ ಹಾಗೆ. ದೋಣಿ ಬರದ ದಿನವೆಲ್ಲ ಅವಳು ಹಾಗೇ ಬಂದು ನಿಲ್ಲುತ್ತಾಳೆ. ಗಂಡ ಬಾರದಿದ್ದರೆ ನಾಳೆಯಿಂದ ಆ ಬುಡದಲ್ಲಿ ನಿಲ್ಲುವವರು ಇಬ್ಬರು.

ನಾಚಿಕೆಗೆಟ್ಟ ಜೀವ ಮೊದಲು ಅಡ್ಡದಾರಿ ಹುಡುಕಿತು. ಬಡಗಿನ ಕಡೆಯೂ ಒಂದು ಸಲ ನೋಡಿ ಬನ್ನಿ ಗಣಪಣ್ಣ, ಹೊನ್ನಾವರದ ದಿಕ್ಕಿಗೆ, ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ, ಎರಡೂ ಕಡೆ ಹೋಗಲು ಬೆಳಕಿಲ್ಲ, ಭಾಸ್ಕರ ಯಾವತ್ತೂ ಬಡಗಿಗೆ ಹೋದವನಲ್ಲ ಎಂದರು. ಬೋಟಿನ ಇಂಜಿನ್ ಶುರುವಾಯಿತು. ಹಗ್ಗ ಬಿಚ್ಚಿದರು.

ನಾನು ಸೊಂಟದವರೆಗೆ ನೀರಿಗೆ ಇಳಿದು ಬೋಟಿನ ಅಂಚು ಹಿಡಿದೆ.

"ಜೋಡುಕಲ್ಲಿಗೆ ಹೋಗಿ. ಅವ್ರು ಅಲ್ಲಿಗೇ ಹೋದದ್ದು."

"ಯಾರು ಹೇಳಿದ್ರು ನಿಂಗೆ?"

"ಅವ್ರೇ ಹೇಳಿದ್ರು. ಹೊರಡುವಾಗ ನಾ ಕೇಳ್ದೆ."

ಬೋಟಿನಲ್ಲಿದ್ದವರು ನನ್ನ ಮುಖ ಬಿಟ್ಟು ನೀರು ನೋಡತೊಡಗಿದರು. ದಡದಲ್ಲಿ ವಿಶಾಲ ತಲೆ ತಗ್ಗಿಸಿದಳು. ಅವಳೂ ಅದೇ ಪಾಠಕ್ಕೆ ಕೂತವಳು, ಆದರೆ ಮನೆಯಲ್ಲಿ ಕೇಳುವಷ್ಟು ದಡ್ಡಿಯಲ್ಲ. ಗಣಪಣ್ಣ ಬಿಚ್ಚಿದ ಹಗ್ಗ ಹಿಡಿದೇ ನಿಂತರು. ಆಗ ಅತ್ತೆ ಮರಳಿನಿಂದ ಎದ್ದು ನನ್ನ ಕಡೆಗೆ ಬಂದರು. ಬರಲಿ, ಕೆನ್ನೆಗೆ ಎರಡು ಬಾರಿಸಲಿ, ನಾನು ಮುಖ ಕೊಟ್ಟೇ ನಿಂತಿದ್ದೆ.

ಅತ್ತೆ ನನ್ನನ್ನು ದಾಟಿ ಬೋಟಿನ ಎದುರು ಹೋಗಿ ನಿಂತರು.

"ಎಂತ ನೋಡ್ತ್ರಿ? ಅವ್ಳು ಹೇಳಿದ್ದು ಕೇಳ್ಲಿಲ್ವ? ಜೋಡುಕಲ್ಲಿಗೆ ಹೋಗಿ."

ಬೋಟು ಬಡಗಿಗೆ ತಿರುಗಿತು. ಅತ್ತೆ ನನ್ನ ರಟ್ಟೆ ಹಿಡಿದು ನೀರಿನಿಂದ ಎಳೆದು ತಂದು ಕೂರಿಸಿದರು. ಹಿಡಿದ ಕೈ ಬಿಡಲಿಲ್ಲ. ಕಡಲು ನೋಡುತ್ತಲೇ ಹೇಳಿದರು.

"ನಿನ್ನ ಮಾವ ಹೋದಾಗ ನಾ ಕೇಳ್ಲಿಲ್ಲ. ಬಾಯಿ ಕಟ್ಟಿ ಒಲೆ ಊದ್ತಾ ಕುಂತಿದ್ದೆ. ಸಂಜೆಗೆ ಇದೇ ದಡದಲ್ಲಿ ಎಲ್ಲಾ ಬಂದು ನನ್ನ ಹತ್ರ ಕೇಳಿದ್ರು, ಯಾವ ಕಡೆಗೆ ಹೋದ ಅಂತ. ನಂಗೆ ಎಂತ ಗೊತ್ತಿತ್ತು ಹೇಳು? ಗೊತ್ತಿಲ್ಲ ಅಂದೆ. ಎಲ್ಲಾ ದಿಕ್ಕಿಗೂ ಹುಡುಕಿದ್ರು. ಒಂದು ದಿಕ್ಕಿಗೂ ಸಮಾ ಹುಡುಕ್ಲಿಲ್ಲ."

ಅಷ್ಟು ವರ್ಷ ಜೊತೆಗಿದ್ದೂ ನಾನು ಅವರ ಬಾಯಲ್ಲಿ ಮಾವನ ಮಾತು ಕೇಳಿದ್ದು ಅದೇ ಮೊದಲು. ‘ಅತ್ತೆ, ಆದರೆ ನಾನು ಪಾಠದ ಹುಚ್ಚಿಗೆ ಕೇಳಿದ್ದು’ ಎಂದು ಅಳತೊಡಗಿದೆ. ಅವರು ಸಮಾಧಾನ ಹೇಳಲಿಲ್ಲ. ಅವರಿಗೂ ಹೆದರಿಕೆಯೇ.

ಹೊತ್ತು ಮುಳುಗುವಾಗ ಬೋಟು ಬಂತು. ದೂರದಿಂದ ನೋಡಿದರೆ ಹಿಂದೆ ನಮ್ಮ ದೋಣಿ ಕಟ್ಟಿ ಎಳೆದು ತರುತ್ತಿದ್ದರು, ಅದರಲ್ಲಿ ಯಾರೂ ಕಾಣಲಿಲ್ಲ. ನನ್ನ ಗಂಟಲಿನಿಂದ ಬಂದ ಸದ್ದು ಎಂಥದೆಂದು ನನಗೇ ಗೊತ್ತಿಲ್ಲ. ಅಷ್ಟರಲ್ಲಿ ದೊಡ್ಡ ಬೋಟಿನ ಮೇಲೆ ಕಂಬಳಿ ಹೊದ್ದವರೊಬ್ಬರು ಕೈ ಎತ್ತಿದರು. ಇಂಜಿನ್ನಿಗೆ ನೀರು ನುಗ್ಗಿ ಕೆಟ್ಟು, ಲಂಗರು ಬಂಡೆಯ ಸಂದಿಗೆ ಸಿಕ್ಕಿ, ಆ ಒಂದು ಹಗ್ಗದ ಮೇಲೆ ದೋಣಿ ನಿಂತಿತ್ತಂತೆ. ಹಗ್ಗ ಸವೆದು ಎರಡು ಎಳೆ ಉಳಿದಿತ್ತು ಎಂದು ಗಣಪಣ್ಣ ಬೇರೆಯವರಿಗೆ ಹೇಳಿದರು. ನನಗೆ ಹೇಳಲಿಲ್ಲ. ಈಗಲೂ ಬೆಳಿಗ್ಗೆ ಅವರ ದಾರಿಗೆ ನಾನು ಅಡ್ಡ ಬಂದರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಅತ್ತೆ ಮಾತ್ರ ಮರುದಿನ ಒಂದು ಬುಟ್ಟಿ ಮೀನು ಹೊತ್ತು ಈರಮ್ಮನ ಮನೆಗೆ ಹೋದರು, ಸಂಜೆಯವರೆಗೂ ಬರಲಿಲ್ಲ.

ಅರ್ಚನಾ ಅಕ್ಕೋರಿಗೆ ಸುದ್ದಿ ತಲುಪಿ, ಪಾಠಕ್ಕೆ ಬಂದವರು ಬೋರ್ಡಿನ ಕಡೆಗೆ ತಿರುಗಿಯೇ ಕಣ್ಣು ಒರೆಸಿಕೊಂಡರು. ಆ ಪಾಠ ತೆಗೆದುಬಿಡುತ್ತೇನೆ ಎಂದರು. ತೆಗೆಯಬೇಡಿ, ಉತ್ತರ ಹೇಳುವುದನ್ನೂ ಸರಿಯಾಗಿ ಕಲಿಸಿ ಎಂದು ನಾನು ಗದರಿದ ಹಾಗೇ ಹೇಳಿದೆ.

ದೋಣಿ ರಿಪೇರಿಯಾಗಿ ಭಾಸ್ಕರ ಮತ್ತೆ ಹೊರಟ ಬೆಳಿಗ್ಗೆ ನಾನು ಒಲೆ ಬಿಟ್ಟು ಏಳಲಿಲ್ಲ. ಅವರು ಬಲೆ ಹೆಗಲಿಗೆ ಹಾಕಿ ಹೊಸ್ತಿಲ ಮೇಲೆ ನಿಂತೇ ಇದ್ದರು. ಒಳಕೋಣೆಯ ಕತ್ತಲಿನಿಂದ ಅತ್ತೆಯ ದನಿ ಬಂತು.

"ಕೇಳೇ."

ನಾನು ಎದ್ದು ಹೋಗಿ ಕೇಳಿದೆ. ಕನ್ನಡದಲ್ಲೇ ಕೇಳಿದೆ. ಅವರು ನೇತ್ರಾಣಿ ಕಡೆ ಎಂದರು, ಚೌಡ ಜೊತೆಗಿದ್ದಾನೆ ಎಂದರು, ಬತ್ತೆ ಎಂದರು. ಅವರು ಹೋದ ಮೇಲೆ ರೂಮು ಗುಡಿಸುವಾಗಲೂ, ಹಾಸಿಗೆ ಬದಲಿಸುವಾಗಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೆದರಿಕೆ ಹೋಗಲಿಲ್ಲ, ಹೋಗುವುದೂ ಇಲ್ಲ. ಯಾವ ದಿಕ್ಕಿನ ಕಿಟಕಿಯ ಹತ್ತಿರ ನಿಂತು ಹೆದರಬೇಕು ಎಂದು ಮಾತ್ರ ಈಗ ನನಗೆ ಗೊತ್ತಿದೆ.