ನಾಲ್ಕು ಮಧ್ಯಾಹ್ನಗಳ ದನಿ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಕೀಲಿಯಣ್ಣ ಎಂದೇ ಕರೆಯುತ್ತಿದ್ದರು. ಅವನ ಕೀಲಿಗಳೆಲ್ಲ ಕಂಪ್ಯೂಟರಿನೊಳಗಿನವು. ರೋಗಿಗಳ ಕಡತಗಳನ್ನು ಬೇರೆಯವರು ಓದದಂತೆ ಮುಚ್ಚುವ, ಬೇಕಾದಾಗ ಬಿಚ್ಚುವ ಉದ್ದುದ್ದ ಅಂಕಿ ಅಕ್ಷರಗಳ ಸಾಲುಗಳು. ಸರ್ವರ್‌ಗಳ ಗುರುತನ್ನು ಖಾತ್ರಿಪಡಿಸುವ ಸರ್ಟಿಫಿಕೇಟುಗಳ ಅವಧಿ ಮುಗಿಯುವ ಮುನ್ನ ಹೊಸದು ಮಾಡಿ ಕೂರಿಸುವುದೂ ಅವನ ಪಾಲಿಗೇ ಬಂದಿತ್ತು. ಮೌಸ್ ಮುಟ್ಟುವ ಆಸಾಮಿಯಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡುವುದು, ಬಂದ ಉತ್ತರ ಓದುವುದು, ಮುಂದಿನದಕ್ಕೆ ಹೋಗುವುದು. ಹದಿನೇಳು ವರ್ಷ ಯಾರೂ ಅವನತ್ತ ಬೆರಳು ತೋರಿಸಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಧ್ವನಿ ವಿಭಾಗದಿಂದ ಫೋನ್ ಬಂತು. ಗಂಟಲಿನ ಆಪರೇಷನ್ ಆದವರಿಗೆ ಮತ್ತೆ ಮಾತು ಕಲಿಸುವ ಟೀಚರಮ್ಮ.

“ಕೀಲಿಯಣ್ಣ, ಆ ಟೈಲರ್ ಅಕ್ಕನ ನಾಲ್ಕು ರೆಕಾರ್ಡಿಂಗ್ ಬೇಕಿತ್ತು. ಏನು ಮಾಡಿದ್ರೂ ತೆರೀತಿಲ್ಲ. ಅವರ ಯಜಮಾನ್ರು ಇಲ್ಲೇ ಕೂತಿದಾರೆ.”

“ಹತ್ತು ನಿಮಿಷ ಕೊಡಿ ಮೇಡಂ.”

ಟೈಲರ್ ಅಕ್ಕ ಯಾರೆಂದು ಅವನಿಗೆ ಗೊತ್ತಿತ್ತು. ದನಿಪೆಟ್ಟಿಗೆ ತೆಗೆಯುವ ಮೊದಲು ರೋಗಿಯ ದನಿಯನ್ನು ಹಿಡಿದಿಡುವ ಏರ್ಪಾಡು ಹೊಸದಾಗಿ ಶುರುವಾದಾಗ ಮೊದಲು ಬಂದವರೇ ಆಕೆ. ನಾಲ್ಕು ಮಧ್ಯಾಹ್ನ ಕೂತು ಮಾತಾಡಿದ್ದರು. ಆಮೇಲೆ ಹದಿನಾಲ್ಕು ತಿಂಗಳು ಚೀಟಿಯಲ್ಲಿ ಬರೆದು ಬದುಕಿ, ಹೋದ ತಿಂಗಳು ತೀರಿಕೊಂಡಿದ್ದರು.

ಕಡತ ಬಿಚ್ಚುವ ಆಜ್ಞೆ ಕೊಟ್ಟ. ಕೀಲಿ ಇಲ್ಲ ಎಂದು ಬಂತು. ಇನ್ನೊಮ್ಮೆ ಕೊಟ್ಟ. ಅದೇ ಉತ್ತರ. ಕಡತ ಯಾವ ಕೀಲಿ ಕೇಳುತ್ತಿದೆ ಎಂದು ನೋಡಿದ. ಎಂಟು ತಿಂಗಳ ಹಿಂದೆ ಅವನೇ ನಾಶಮಾಡಿದ ಹಳೆಯ ಕೀಲಿ.

ವರ್ಷಕ್ಕೊಮ್ಮೆ ಕೀಲಿ ಬದಲಿಸಬೇಕೆಂಬುದು ನಿಯಮ. ಎಲ್ಲ ಕಡತಗಳನ್ನೂ ಹಳೆಯದರಿಂದ ಬಿಚ್ಚಿ ಹೊಸದರಿಂದ ಮುಚ್ಚಿ, ಆಮೇಲೆ ಹಳೆಯದನ್ನು ಪ್ರತಿಗಳ ಸಮೇತ ಇಲ್ಲವಾಗಿಸಬೇಕು. ಕಾಗದದ ಮೇಲಿದ್ದ ಪ್ರತಿಯನ್ನೂ ಅವನೇ ಯಂತ್ರಕ್ಕೆ ಕೊಟ್ಟು ಚೂರುಚೂರು ಮಾಡಿದ್ದ. ಆ ದಿನದ ದಾಖಲೆಯನ್ನು ಈಗ ಹುಡುಕಿ ತೆಗೆದ. ಹನ್ನೊಂದು ಸಾವಿರ ಸಾಲು, ಎಲ್ಲವೂ ಸರಿ. ನಡುವೆ ಎಲ್ಲೋ ಒಂದೇ ಒಂದು ಸಾಲು: ಧ್ವನಿ ವಿಭಾಗದ ಫೋಲ್ಡರ್, ಅನುಮತಿ ಇಲ್ಲ, ಬಿಟ್ಟು ಮುಂದೆ ಹೋಗಿದೆ. ಅದರೊಳಗಿನ ಕಡತಗಳು ಹಳೆಯ ಕೀಲಿಯಲ್ಲೇ ಉಳಿದುಬಿಟ್ಟಿದ್ದವು. ಅಂದು ಸಂಜೆಯೊಳಗೆ ಅವಧಿ ಮುಗಿಯಲಿದ್ದ ಆರು ಸರ್ಟಿಫಿಕೇಟುಗಳ ಗಡಿಬಿಡಿಯಲ್ಲಿ ಅವನು ಪಕ್ಕದ ಕಿಟಕಿಯಲ್ಲಿ ಮುಳುಗಿದ್ದ. ‘ಮುಗಿಯಿತು’ ಎಂಬ ಕೊನೆಯ ಸಾಲನ್ನಷ್ಟೇ ಓದಿದ್ದ. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಎರಡು ಸಲ ಕೇಳಿತ್ತು. ಎರಡು ಸಲವೂ ಹೌದು ಎಂದಿದ್ದ.

ಮೇಲಧಿಕಾರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಡಿಸ್ಕ್ ಕೆಟ್ಟೋಯ್ತು ಅಂದ್ಬಿಡಿ. ಯಾರು ಕೇಳ್ತಾರೆ?”

ಅವನು ಆಯಿತೆಂದು ತಲೆಯಾಡಿಸಿದ. ಆದರೆ ಮೆಟ್ಟಿಲಿಳಿದು ಧ್ವನಿ ವಿಭಾಗದ ಬಾಗಿಲು ದೂಡಿ, ಖಾಕಿ ಅಂಗಿಯಲ್ಲಿ ಬೆಂಚಿನ ತುದಿಗೆ ಕೂತಿದ್ದ ಟೈಲರ್ ಅಕ್ಕನ ಗಂಡನನ್ನು, ಆ ಬಸ್ ಡ್ರೈವರನ್ನು, ಕಂಡಾಗ ಆ ಸುಳ್ಳು ಬಾಯಿಗೆ ಬರಲಿಲ್ಲ.

“ಕಡತ ಇದೆ ಯಜಮಾನ್ರೇ. ತೆರೆಯೋಕೆ ಆಗಲ್ಲ. ಅದರ ಕೀಲಿ ನಾನೇ ಅಳಿಸ್ಬಿಟ್ಟೆ. ನೋಡದೆ.”

“ಇನ್ನೊಂದು ಕೀಲಿ ಮಾಡ್ಸಿ ಮತ್ತೆ.”

“ಆಗಲ್ಲ. ಯಾರ ಕೈಲೂ ಆಗಲ್ಲ.”

“ದೊಡ್ಡ ಕಂಪ್ಯೂಟರ್ ಇರೋ ಕಡೆ?”

“ಅಲ್ಲೂ ಆಗಲ್ಲ.”

ಡ್ರೈವರ್ ಬೆಂಚಿನಿಂದ ಎದ್ದ. “ಕಡತ ತೋರ್ಸಿ,” ಎಂದ.

ಟೀಚರಮ್ಮನ ಪರದೆಯ ಮೇಲೆ ನಾಲ್ಕು ಕಡತಗಳ ಹೆಸರು, ನಾಲ್ಕು ತಾರೀಖು. ಮೂರನೆಯದು ಉಳಿದವಕ್ಕಿಂತ ಎರಡರಷ್ಟು ದೊಡ್ಡದು. ಡ್ರೈವರ್ ಅದರ ಮೇಲೆ ಬೆರಳಿಟ್ಟ. “ಇದ್ಯಾಕೆ ಇಷ್ಟು? ಏನ್ ಹೇಳಿದ್ಲು ಅವತ್ತು?”

ಟೀಚರಮ್ಮ ಮೂಗು ಒರೆಸಿಕೊಂಡರು. “ಅರ್ಧ ಬರೀ ನಗು ಕಣ್ರೀ. ನೀವು ನಿದ್ದೇಲಿ ಕಂಡಕ್ಟರ್ ಥರ ಸ್ಟಾಪ್ ಕೂಗ್ತೀರಂತಲ್ಲ, ಅದನ್ನ ನಿಮ್ಮ ಥರಾನೇ ಹೇಳಿ ತೋರಿಸಿದ್ರು. ಗಿರಣಿ, ಹಳೇ ಸೇತುವೆ, ನೀರಿನ ಟ್ಯಾಂಕು, ಇಳೀರಿ ಇಳೀರಿ ಅಂತ. ಕೆಮ್ಮು ಬಂತು, ನೀರು ಕುಡಿದ್ರು, ಮತ್ತೆ ಮೊದಲಿಂದ ಶುರು ಮಾಡಿದ್ರು.”

“ಗಿರಣಿ ಆದ್ಮೇಲೆ ಟ್ಯಾಂಕು,” ಡ್ರೈವರ್ ಹೇಳಿದ. “ಸೇತುವೆ ಆಮೇಲೆ. ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದೀನಿ ಅವಳಿಗೆ.” ಹೇಳುತ್ತಲೇ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುವುದನ್ನು ಇಬ್ಬರೂ ನೋಡುತ್ತ ನಿಂತರು.

“ಮತ್ತೆ?” ಎಂದ ಡ್ರೈವರ್, ಮುಖ ಒರೆಸಿಕೊಂಡು.

ಟೀಚರಮ್ಮ ನೆನಪಿದ್ದಷ್ಟು ಹೇಳಿದರು. ಹೆಚ್ಚೇನೂ ಇರಲಿಲ್ಲ. ಗ್ಯಾಸ್ ಆರಿಸುವುದು ಮರೆಯಬೇಡಿ ಅಂದದ್ದು, ಹೊಲಿದು ಮುಗಿಸದ ಮದುವಣಗಿತ್ತಿಯ ರವಿಕೆಯೊಂದರ ಚಿಂತೆ, ನಾದಿನಿಯ ಜೊತೆ ಆಡಿದ ಹಳೆಯ ಜಗಳ. ನಡುನಡುವೆ ‘ಸರಿಯಾಗಿ ನೆನಪಿಲ್ಲ’ ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಕೀಲಿಯಣ್ಣ ತಲೆ ತಗ್ಗಿಸುತ್ತಿದ್ದ.

“ನನ್ನ ಕ್ಷಮಿಸಿ,” ಎಂದ ಕೊನೆಗೆ.

“ಅದು ನನ್ನ ಕೈಲಾಗಲ್ಲ ಸ್ವಾಮಿ,” ಡ್ರೈವರ್ ಸಿಟ್ಟಿಲ್ಲದೆ ಹೇಳಿದ. “ನಿಜ ಹೇಳಿದ್ರಿ. ಅಷ್ಟು ಸಾಕು.” ಅಂಗಿ ಜೇಬಿನಿಂದ ಪ್ಯಾಕೆಟ್ ಒಡೆಯದ ಪೆನ್‌ಡ್ರೈವ್ ತೆಗೆದ. “ಇದಕ್ಕೆ ಹಾಕ್ಕೊಡಿ.”

“ಕೇಳ್ಸಲ್ಲ ಯಜಮಾನ್ರೇ.”

“ಗೊತ್ತು. ಇರೋ ಹಾಗೇ ಹಾಕ್ಕೊಡಿ.”

ಪ್ರತಿ ಮಾಡುವ ಆಜ್ಞೆಯನ್ನು ಕೀಲಿಯಣ್ಣ ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡಿದ. ಪ್ರತಿಯಾದದ್ದನ್ನು ಮೂರು ಸಲ ತಾಳೆ ನೋಡಿದ. ಡ್ರೈವರ್ ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮಧ್ಯಾಹ್ನದ ಡ್ಯೂಟಿಗೆ ಹೊರಟ. ಟೀಚರಮ್ಮ ಅವನನ್ನು ಗೇಟಿನವರೆಗೆ ಬಿಡಲು ಹೋದರು.

ಸಂಜೆ ಕೀಲಿಯಣ್ಣ ವರದಿ ಬರೆದ. ಡಿಸ್ಕಿನ ಮಾತು ಎತ್ತಲಿಲ್ಲ. ಮುಂದಿನ ವಾರ ಕೀಲಿಗಳ ಕೆಲಸವನ್ನು ಅವನಿಂದ ತೆಗೆದು ಇನ್ನೊಬ್ಬಳಿಗೆ ಕೊಟ್ಟರು. ಅವಳ ಪಕ್ಕ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿಕೊಟ್ಟ. ಅಳಿಸುವ ಆಜ್ಞೆಗೆ ಬಂದಾಗ ಮಾತ್ರ ಅದನ್ನು ಟೈಪ್ ಮಾಡದೆ, ದಾಖಲೆ ತೆರೆದು ಮೊದಲ ಸಾಲಿನಿಂದ ಒಂದೊಂದಾಗಿ ಓದತೊಡಗಿದ. ಅವಳು ಪರದೆ ನೋಡುತ್ತ ಕಾದಳು.