ಎರಡು ಓರೆ, ಒಂದೇ ಕೊಯ್ತ

ಹಲ್ಲುಗಳ ಮೇಲೆ ಬೆಳಕು ಓಡುತ್ತಿದೆ, ಯಾರೂ ತಿರುಗಿಸುತ್ತಿಲ್ಲ, ನಾನೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದಕ್ಕೆ ಗರಗಸದ ಮೆಷಿನ್ನಿನ ದುಂಡು ಅಲಗಿನ ಅಂಚಿನಲ್ಲಿ ಒಂದೊಂದೇ ಹಲ್ಲು ಹೊತ್ತಿಕೊಂಡು ಆರುತ್ತಿದೆ, ಎಣಿಸಹೋಗಿ ತಪ್ಪಿ ಮತ್ತೆ ಮೊದಲಿಂದ — ಅರವತ್ತು ಮೇಡಮ್, ಅಂಗಡಿಯವನು ಬೆನ್ನ ಹಿಂದಿನಿಂದಲೇ ಹೇಳುತ್ತಾನೆ, ಅರವತ್ತು ಹಲ್ಲು, ಬೆಣ್ಣೆ ಕೊಯ್ದ ಹಾಗೆ — ಅಪ್ಪ ಗಂಟಲಲ್ಲೇ ನಗುತ್ತಾನೆ, ನನ್ನ ಬಾಯಲ್ಲಿ ಒಂಬತ್ತಿದೆ, ಅಷ್ಟರಲ್ಲೇ ಸಂಸಾರ ನಡೀತಿಲ್ವೇನಯ್ಯಾ. ನಕ್ಕರೂ ಬಲಗೈಯನ್ನು ಜೇಬಿನಿಂದ ತೆಗೆಯುವುದಿಲ್ಲ, ಅಂಗಡಿಯವನಿಗೆ ಕಾಣಬಾರದು, ಒಳಗೆ ಹಕ್ಕಿಮರಿ ಬಚ್ಚಿಟ್ಟ ಹಾಗೆ ಜೇಬು ಅಲ್ಲಾಡುತ್ತಲೇ ಇದೆ, ಆ ಕೈಯಿಂದಲೇ ಅಲ್ಲವೆ ಪ್ರಾರ್ಥನಾ ಮಂದಿರದ ಏಳು ಮೂಲೆ ಕೂಡಿಸಿದ್ದು, ಎಂಟು ಮೂಲೆಯ ಸೂರು ಅದು, ಸೂರಿನ ಅಂಚಿಗೆ ಮರದ ಪಟ್ಟಿ, ಗೋಡೆಗೂ ಒರಗಬೇಕು ಸೂರಿಗೂ ಒರಗಬೇಕು, ಹಾಗಾಗಿ ಅದರ ತುದಿಯನ್ನು ಅಡ್ಡಕ್ಕೂ ಓರೆ, ಆಳಕ್ಕೂ ಓರೆ ಕೊಯ್ಯಬೇಕು, ಎರಡು ಓರೆ ಒಂದೇ ಕೊಯ್ತದಲ್ಲಿ, ಮೊದಲು ಯಾರ ತಲೆಗೆ ಹೊಳೆಯಿಸಿದನೋ ಭಗವಂತ, ಏಣಿ ಹತ್ತಿ ಉಗುರು ಆಡಿಸಿ ಹುಡುಕಿದ್ದೇನೆ ಏಳು ಮೂಲೆಯಲ್ಲೂ, ಎರಡು ಮರ ಎಲ್ಲಿ ಕೂಡಿದವು ಅನ್ನುವುದು ಉಗುರಿಗೆ ಸಿಗುವುದಿಲ್ಲ. ಎಂಟನೆಯದಕ್ಕೆ ಕೈಹಾಕುವ ಮೊದಲು ನಡುಕ ಬಂತು. ಇದು ಹೋಗುವ ನಡುಕ ಅಲ್ಲ ಅಂದರು ವೈದ್ಯರು, ಮೆಟ್ಟಿಲಿಳಿಯುತ್ತ ಅಪ್ಪ ಅಂದ, ಇನ್ನು ನೀನೇ ಮಾಡು ಚಕ್ಕೆ, ಮರದ ಚಕ್ಕೆಗಳ ರಾಶಿಯಲ್ಲಿ ಕೂತೇ ಬೆಳೆದವಳೆಂದು ನನಗೆ ಆ ಹೆಸರು, ಅಷ್ಟು ಅಂದವನು ಆಮೇಲೆ ಕೆಲಸದ ಕೋಣೆಗೆ ಕಾಲಿಡಲಿಲ್ಲ, ಬಾಗಿಲಲ್ಲಿ ನಿಂತು ವಾಸನೆ ತಗೊಂಡು ಹೋಗುತ್ತಾನೆ, ದೇವರ ಮನೆಯ ಹೊರಗೆ ನಿಂತವರ ಹಾಗೆ, ನಾನು ಮೆಷಿನ್ನು ಕೊಂಡು ಆ ಮೂಲೆ ಮುಗಿಸಿಬಿಟ್ಟರೆ ಬಾಗಿಲಿಗೂ ಬರುವುದಿಲ್ಲವೇನೋ, ಕೊಳ್ಳದೆ ಹೋದರೆ ಆ ಮೂಲೆ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ.

ಅಪ್ಪ ದೇವರ ಪದ್ಯ ಹೇಳಿಕೊಂಡೇ ಕೊಯ್ಯುತ್ತಿದ್ದವನು, ಒಂದು ಸಾಲಿಗೆ ನಾಲ್ಕು ಎಳೆತ, ನಮ್ಮಲ್ಲಿ ಮರದ ದಪ್ಪಕ್ಕೆ ಅಂಗುಲದ ಲೆಕ್ಕವಿಲ್ಲ, ಇದು ಒಂದು ಪದ್ಯದ ಹಲಗೆ, ಅದು ನಾಲ್ಕು ಪದ್ಯದ ತೊಲೆ, ಕೊನೆಯ ಅಕ್ಷರ ಬಾಯಿಂದ ಬಿದ್ದಾಗಲೇ ತುಂಡೂ ನೆಲಕ್ಕೆ ಬೀಳುತ್ತಿತ್ತು, ದೇವರಿದ್ದಾನೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ನನ್ನ ಬಾಯಿಗೆ ಪದ್ಯವೆಲ್ಲ ಬಂತು, ಕೈಗೆ ಆ ಓರೆ ಬರಲಿಲ್ಲ. ಹೋದ ವಾರ ಕೈಗರಗಸದಲ್ಲೇ ನೋಡೋಣವೆಂದು ಪಟ್ಟಿಯನ್ನು ಕೊಯ್ಯುವ ಚೌಕಟ್ಟಿನಲ್ಲಿಟ್ಟೆ, ಕೊಯ್ಯುವಾಗ ಸೂರಿಗೆ ಒರಗುವ ಮಗ್ಗುಲು ಕೆಳಗೆ ಬರಬೇಕು, ಚಿಕ್ಕಂದಿನಿಂದ ಕೇಳಿದ ಮಾತು, ಆದರೂ ಸೂರು ಮೇಲೆ ತಾನೆ ಇರುವುದು ಅಂತ ಮೇಲೆ ಮಾಡಿ ಕೊಯ್ದುಬಿಟ್ಟೆ — ಬಾಗಿಲಿಂದ ಅಪ್ಪ, ಚೆನ್ನಾಗಿದೆ, ಇನ್ನು ಇದಕ್ಕೆ ತಲೆಕೆಳಗಾಗಿ ಕಟ್ಟಿದ ಮಂದಿರ ಒಂದು ಹುಡುಕ್ಕೊಂಡು ಬಾ — ಆ ಮರ ಮತ್ತೆ ಸಿಗುವುದಲ್ಲ, ಹಳೆಯ ಮಂದಿರದ ಬಾಗಿಲಿಂದ ಸೀಳಿದ್ದು, ಇನ್ನು ಉಳಿದಿರುವುದು ಮೂಲೆಗೆ ಬೇಕಾದಷ್ಟೇ, ತಪ್ಪಿದ ತುಂಡನ್ನು ಇಲ್ಲಿಗೆ ತಂದಿದ್ದೇನೆ, ಬೇರೆ ಮರ ಕೊಯ್ದು ತೋರಿಸಿದರೆ ನಂಬುವವರು ನಾವಲ್ಲ.

ಎರಡರಲ್ಲಿ ದೊಡ್ಡ ಮೆಷಿನ್ನೇ ತಗೊಳ್ಳಿ ಮೇಡಮ್, ಇದರ ತಲೆ ಮುಂದಕ್ಕೆ ಹಿಂದಕ್ಕೆ ಜಾರುತ್ತೆ, ಅಗಲದ ಹಲಗೆನೂ ಬಿಡಲ್ಲ, ಎಲ್ಲಿ ಕೊಯ್ಯುತ್ತೆ ಅಂತ ಕೆಂಪು ಗೆರೆ ಬೇರೆ ಬೀಳುತ್ತೆ, ಚಿಕ್ಕದು ಜಾರಲ್ಲ, ಕತ್ತು ಬಗ್ಗಿಸಿ ಇಳಿಯುತ್ತೆ ಅಷ್ಟೆ. ಮೇಜನ್ನು ಎಡಕ್ಕೆ ತಿರುಗಿಸುತ್ತಾನೆ, ಅಲಗನ್ನು ಪಕ್ಕಕ್ಕೆ ವಾಲಿಸುತ್ತಾನೆ, ಎರಡು ಓರೆ, ಅಪ್ಪ ಇಪ್ಪತ್ತು ವರ್ಷದಲ್ಲಿ ಕಲಿತದ್ದು ಎರಡು ಹಿಡಿ ಬಿಗಿಯುವುದರೊಳಗೆ — ನಾನು ಎಳೆದು ಒತ್ತಿದೆ, ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ, ಬಿದ್ದ ತುಂಡಿನ ಮುಖ ತೊಳೆದ ಕಲ್ಲಿನ ಹಾಗೆ, ಅಪ್ಪನ ಕಡೆ ನೋಡಲಾರೆ. ಸರಿ ಈಗ ನಾನು, ಅಂದ ಅಪ್ಪ. ಕೈ ಹೊರಗೆ ಬಂತು. ಯಜಮಾನ್ರೇ, ಬೇಡಿ, ಕೈ ನೋಡಿ ಹೇಗೆ — ನೋಡೋದಕ್ಕೇ ಬಂದಿದ್ದೀನಯ್ಯಾ, ಮರ ಕ್ಲಾಂಪಿನಲ್ಲಿದೆ, ಎಡಗೈ ಬೆನ್ನ ಹಿಂದಿದೆ, ನಿನ್ನ ಅಂಗಡಿಯಲ್ಲಿ ಬೆರಳು ಬಿಟ್ಟುಹೋಗಲ್ಲ. ಅಲಗು ಕೂಗಿತು, ಜಾರುವ ಕಂಬಿಗಳ ಮೇಲೆ ಮೆಷಿನ್ನಿನ ತಲೆ ಇಷ್ಟೇ ಇಷ್ಟು ಓಲಾಡಿತು, ತುಂಡಿನ ಮುಖದ ಮೇಲೆ ಅಲೆ, ಸಣ್ಣ ಅಲೆ, ಅಪ್ಪ ಹೆಬ್ಬೆರಳು ಆಡಿಸಿ ಹೇಳಿದ, ನೋಡು, ನಡುಕ ಇಲ್ಲೂ ಬಂದು ಸೇರ್ತು. ಅಂಗಡಿಯವನು ನೆಲ ನೋಡುತ್ತಾನೆ. ನಾನು ಚಿಕ್ಕದರ ತಲೆ ಹಿಡಿದು ಅಡ್ಡಡ್ಡ ಅಲುಗಾಡಿಸಿದೆ, ಅಲುಗಲಿಲ್ಲ, ಕಂಬಿಗಳಿಲ್ಲ, ಹಿಂದೆ ಒಂದೇ ದಪ್ಪ ಕೀಲು, ಅದು ಮೇಲೆ ಕೆಳಗೆ ಬಿಟ್ಟು ಬೇರೆ ದಾರಿ ಅರಿಯದು — ಅದು ಚಿಕ್ಕದು ಮೇಡಮ್, ನಿಮ್ಮಂಥ ಕೆಲಸದವರಿಗೆ — ಇರಲಿ ಬಿಡಿ, ಓರೆ ಇದಕ್ಕೂ ಇಡಿ. ಅಪ್ಪಾ, ಇನ್ನೊಂದ್ಸಲ. ಸಾಕು ಬಿಡೇ. ಇನ್ನೊಂದೇ ಸಲ.

ಹಿಡಿದ. ಹಿಡಿಯ ಮೇಲೆ ಐದು ಬೆರಳೂ ಗಾಳಿಗೆ ಸಿಕ್ಕ ಎಲೆಗಳು, ಮಣಿಕಟ್ಟು ನಡುಗುತ್ತಿದೆ, ಮೊಳಕೈ ನಡುಗುತ್ತಿದೆ, ಕೀಲು ಕೇಳಿಸಿಕೊಳ್ಳಲಿಲ್ಲ, ಅಲಗು ಇಳಿಯಿತು, ನೇರ ಇಳಿಯಿತು, ಹೊಟ್ಟು ಎದ್ದು ಕೂತಿತು, ತುಂಡಿನ ಮುಖ ಅಪ್ಪನ ಏಳು ಮೂಲೆಯಂತೆ, ಅಲೆಯಿಲ್ಲ, ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ, ಯಾರು ಕೊಯ್ದದ್ದೇ ಇದು, ಅಂದ, ನೀನೇ, ಅಂದೆ, ಇದನ್ನೇ ಕಟ್ಟಿ ಕೊಡಿ, ಅಂದೆ ಅಂಗಡಿಯವನಿಗೆ, ಅವನು ಡಬ್ಬ ತರಲು ಒಳಗೆ ಹೋದ, ಎಂಟನೆಯ ಮೂಲೆಗೆ ಗುರುತು ನಾನು ಹಾಕುತ್ತೇನೆ, ಮರ ನಾನು ಬಿಗಿಯುತ್ತೇನೆ, ಏಣಿ ನಾನು ಹತ್ತುತ್ತೇನೆ, ಒತ್ತುವುದು ಅಪ್ಪ — ಅಪ್ಪ ಹಿಡಿಯನ್ನು ಇನ್ನೂ ಬಿಟ್ಟಿಲ್ಲ, ಮೆಷಿನ್ನು ಆರಿದೆ, ಸುಮ್ಮನೆ ಎತ್ತಿ ಇಳಿಸುತ್ತಿದ್ದಾನೆ, ಕೈ ನಡುಗುತ್ತಿದೆ, ಅಲಗು ನೇರ, ಮತ್ತೆ ಎತ್ತಿದ, ಕೈ ನಡುಗುತ್ತಿದೆ, ಅಲಗು ನೇರ, ಮತ್ತೆ, ಕೈ ನಡುಗುತ್ತಿದೆ, ಅಲಗು