ಮಾಸ್ಕ್ ಚೀಟಿಗಳು

ಶನಿವಾರ ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆ. ಮಗಳು ಗುಬ್ಬಿ ತನ್ನ ಊಟದ ಡಬ್ಬಿಯನ್ನು ತಂದು ಮಂಚದ ಮೇಲೆ ಬೋರಲು ಹಾಕಿದಳು. ಒಳಗಿದ್ದದ್ದು ಬರೀ ಚೀಟಿಗಳು. ಇನ್ನು ಮುಂದೆ ತರಗತಿಯಲ್ಲಿ ಮಾಸ್ಕ್ ಬೇಕೋ ಬೇಡವೋ, ಯಾಕೆ ಎಂದು ಹತ್ತನೆಯ ತರಗತಿಯವರೆಲ್ಲ ಹೆಸರು ಹಾಕದೆ ಬರೆದುಕೊಡಬೇಕೆಂದು ಹೆಡ್‌ಮಿಸ್ ಹೇಳಿದ್ದರಂತೆ. ಕ್ಲಾಸ್ ಲೀಡರ್ ಆದ ಇವಳು ಅವನ್ನೆಲ್ಲ ಒಂದು ಹಾಳೆಗೆ ಇಳಿಸಿ ಸೋಮವಾರ ಕೊಡಬೇಕು.

"ಅಮ್ಮಾ, ನೀನು ಓದ್ತಾ ಹೋಗು, ನಾನು ಬರ್ಕೋತೀನಿ."

"ಬಟ್ಟೆ ಯಾರು ಮಡಚ್ತಾರೆ, ನಿಮ್ಮ ಹೆಡ್‌ಮಿಸ್ಸಾ?"

ಅವಳು ನಗಲಿಲ್ಲ. ನನಗೂ ಅವಳು ನಗುತ್ತಾಳೆಂಬ ನಿರೀಕ್ಷೆ ಇರಲಿಲ್ಲ. ನನ್ನ ಅಮ್ಮ ಹೋಗಿ ಏಳು ತಿಂಗಳಾಯಿತು. ಆ ವೈರಸ್ ಮನೆಯಲ್ಲಿ ಮೂವರಿಗೂ ಬಂದಿತ್ತು. ನಾನೂ ಗುಬ್ಬಿಯೂ ಎದ್ದೆವು, ಅಮ್ಮ ಏಳಲಿಲ್ಲ. ಆಗ ನಾನು ಅತ್ತಿದ್ದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಅಡುಗೆಯಂತೂ ಒಂದು ದಿನವೂ ತಪ್ಪಲಿಲ್ಲ.

ಒಂದೊಂದೇ ಚೀಟಿ ಬಿಚ್ಚಿ ಓದತೊಡಗಿದೆ.

"'ಬೇಡ. ಕನ್ನಡಕಕ್ಕೆ ಹಬೆ ಕೂತು ಬೋರ್ಡ್ ಕಾಣಲ್ಲ.'"

"ಹೂಂ."

"'ಬೇಕು. ಗಣಿತದ ಮೇಷ್ಟ್ರು ಹತ್ತಿರ ಬಂದು ಬೈಯುವಾಗ ಅನುಕೂಲ.' 'ಬೇಕು. ನನಗೆ ಮೀಸೆ ಪೂರ್ತಿ ಬರೋವರೆಗೆ.'"

"ಅದು ಕೊನೇ ಬೆಂಚಿನ ಉದ್ದಣ್ಣಂದು. ಅವನ ಮೀಸೆ ನಂಬ್ಕೊಂಡ್ರೆ ನಾವು ಮುದುಕರಾದ್ರೂ ಮಾಸ್ಕ್ ತೆಗೆಯೋ ಹಾಗಿಲ್ಲ."

"'ಬೇಡ. ವೈರಸ್ಸೂ ಇಲ್ಲ, ಗಿರಸ್ಸೂ ಇಲ್ಲ, ಎಲ್ಲ ದೊಡ್ಡೋರ ನಾಟಕ.'"

ಅದನ್ನೂ ಬರೆದುಕೊಂಡಳು, ಒಂದಕ್ಷರವೂ ಅಲುಗದೆ.

ಮುಂದಿನ ಚೀಟಿಯನ್ನು ತೀರ ಚಿಕ್ಕದಾಗಿ ಮಡಚಿದ್ದರು. ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ. ಅದೇ ದನಿಯಲ್ಲಿ ಓದಿಬಿಟ್ಟೆ.

"'ಬೇಕು. ಒಂದೇ ಒಂದು ದಿನ ಟ್ಯೂಷನ್‌ನಲ್ಲಿ ಕುಕ್ಕೆ ತೆಗೆದಿದ್ದೆ. ಅಜ್ಜಿಗೆ ನಾನೇ ತಂದುಕೊಟ್ಟೆ.'"

ಕುಕ್ಕೆ ಎನ್ನುತ್ತಿದ್ದವಳು ನನ್ನ ಅಮ್ಮ. "ಕರುವಿನ ಬಾಯಿಗೆ ಕಟ್ಟೋ ಕುಕ್ಕೆ ನಮ್ಮ ಮೂತಿಗೂ ಬಂತಲ್ಲೇ" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದಳು. ಬೇರೆ ಯಾರ ಬಾಯಲ್ಲೂ ಆ ಮಾತು ಕೇಳಿರಲಿಲ್ಲ.

ಗುಬ್ಬಿಯ ಪೆನ್ನು ನಿಂತಿತ್ತು. ಈ ಚೀಟಿಯನ್ನು ಎತ್ತಿಡುವುದನ್ನು ಮರೆತಿದ್ದಳೋ, ನನ್ನ ಕೈಗೆ ಸಿಗಲೆಂದೇ ಬಿಟ್ಟಿದ್ದಳೋ. ನಾನು ದಿಂಬಿನ ಕವರ್ ಒಂದನ್ನು ಮಡಚಿದೆ. ಬಿಚ್ಚಿ ಮತ್ತೆ ಮಡಚಿದೆ. ಈಗ ಹೇಳದಿದ್ದರೆ ಇವಳು ಇದನ್ನು ಜೀವನಪೂರ್ತಿ ಹೊರುತ್ತಾಳೆ.

"ಮಾಸ್ಕ್ ತೆಗೆದಿದ್ದು ಯಾವತ್ತು?"

"ಶುಕ್ರವಾರ. ಟೆಸ್ಟ್ ಇತ್ತಲ್ಲ, ಅವತ್ತು."

"ಅದೇ ವಾರ ಹಾಲು ಸೀದಿದ್ದು ನೆನಪಿದೆಯಾ?"

"ಅಜ್ಜಿ ಕೋಣೆಯಿಂದ ಕೂಗಿದ್ರು. ನೀನು ಒಲೆ ಮುಂದೇನೇ ನಿಂತಿದ್ದೆ."

"ನಿಂತಿದ್ದೆ. ನಂಗೆ ವಾಸನೇನೇ ಬರ್ಲಿಲ್ಲ ಗುಬ್ಬಿ. ಅದು ಬುಧವಾರ." ಕೈಗಳು ತಮ್ಮಷ್ಟಕ್ಕೆ ಟವೆಲ್ ಎತ್ತಿಕೊಂಡವು. "ನೆಗಡಿ ಅಂದ್ಕೊಂಡು ಸುಮ್ಮನಾದೆ. ಆಮೇಲೂ ಮಾಸ್ಕ್ ಹಾಕದೆ ಎರಡು ದಿನ ಅಜ್ಜಿ ತಲೆ ಬಾಚಿದೆ."

ಹೊರಗೆ ಯಾರದೋ ಸೈಕಲ್ ಬೆಲ್ ಕೇಳಿಸಿತು. ಇಬ್ಬರೂ ಅಳಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ಲ ಕಣೇ. ನಿಂಗೆ ಬಂತಾ?"

ಇಲ್ಲವೆಂದು ತಲೆಯಾಡಿಸಿದಳು. ಪೆನ್ನನ್ನು ಮತ್ತೆ ಹಾಳೆಯ ಮೇಲಿಟ್ಟು ಕೇಳಿದಳು: "ಇದನ್ನ ಏನಂತ ಬರೀಲಿ?"

"ಬೇಕು ಅಂತ ಬರಿ. ಯಾರು ತಂದುಕೊಟ್ರು ಅನ್ನೋದು ಯಾರಿಗೂ ಗೊತ್ತಿಲ್ಲ. ಅದನ್ನ ಬಿಡು."

'ಬೇಕು' ಎಂದಷ್ಟೇ ಬರೆದಳು. ಚೀಟಿಯನ್ನು ಡಬ್ಬಿಗೆ ಹಾಕದೆ ನನ್ನ ಕೈಗಿಟ್ಟಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಮುಂದಿಂದು ಓದಮ್ಮಾ."

"'ಬೇಡ. ನನ್ನ ಮಾಸ್ಕ್ ನಾಯಿ ಎತ್ಕೊಂಡು ಹೋಯ್ತು.'"

"ಬೇಡ," ಎಂದು ಗುಬ್ಬಿ ಬರೆದುಕೊಂಡಳು.